ಗುನ್‌ವೋರಳ ಮನೆಪತ್ರಕ್ಕೆ ಇಬ್ಬರು ಸಾಕ್ಷಿ

ಉತ್ತರದ ಕಡಲಂಚಿನ ನಮ್ಮ ಸ್ಕಾರ್‌ವಿಕ ಹಳ್ಳಿಯಲ್ಲಿ ಯಾರೂ ಯಾರಿಗೂ ‘ಇಲ್ಲ’ ಎನ್ನುವುದಿಲ್ಲ. ಕಾಫಿ ಬಗ್ಗಿಸಿಕೊಡುತ್ತಾರೆ, ಗಾಳಿ ಮಳೆಯ ಮಾತಾಡುತ್ತಾರೆ, ಬಂದವರು ಕೆಲಸವಾಗದೆ ಹಾಗೇ ವಾಪಸು ಹೋಗುತ್ತಾರೆ. ಇದಕ್ಕೆ ನಾವು ಸಭ್ಯತೆ ಎಂದು ಹೆಸರಿಟ್ಟುಕೊಂಡಿದ್ದೇವೆ. ತೊಂಬತ್ತಾರರ ಮಾರ್ಚಿನ ಒಂದು ಬುಧವಾರ ಆ ಸಭ್ಯತೆ ಒಬ್ಬ ಹೆಂಗಸಿನ ಮನೆಯನ್ನೇ ನುಂಗುವುದರಲ್ಲಿತ್ತು.

ಗುನ್‌ವೋರ್ ಇಪ್ಪತ್ತಾರು ವರ್ಷ ಮೀನಿನ ಕಾರ್ಖಾನೆಯಲ್ಲಿ ನಿಂತೇ ಮೀನು ಸೀಳಿದವಳು. ಥಂಡಿ ಹಿಡಿದು ಅವಳ ಎಡಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಗಂಡ ಆಸ್‌ಬ್ಯೋರ್ನ್ ದೂರದ ಸಮುದ್ರಕ್ಕೆ ಹೋಗುವ ಮೀನುಹಡಗಿನವನು. ವಿಚ್ಛೇದನವಾಗಿ ವರ್ಷ ಕಳೆದಿತ್ತು. ದೊಡ್ಡ ಜಗಳವೇನಿಲ್ಲ, ಅವನಿಗೆ ಟ್ರೊಮ್ಸೊ ಪಟ್ಟಣದಲ್ಲಿ ಬೇರೊಬ್ಬಳಿದ್ದಳು, ಇವಳಿಗೆ ಕಾದು ಕಾದು ಸಾಕಾಗಿತ್ತು. ಉಳಿದದ್ದು ಮನೆ. ಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ಅವನ ಅರ್ಧ ಭಾಗಕ್ಕೆ ಬೆಲೆ ಕಟ್ಟಿ ಅವಳೇ ಉಳಿಸಿಕೊಳ್ಳುವುದೆಂದು ಒಪ್ಪಂದವಾಗಿತ್ತು. ಆದರೆ ಬ್ಯಾಂಕಿನವರು ಸಾಲ ಕೊಡುತ್ತೇವೆಂದದ್ದು ಆ ಶುಕ್ರವಾರದವರೆಗೆ ಮಾತ್ರ. ಆಸ್‌ಬ್ಯೋರ್ನ್ ಗುರುವಾರ ಬೆಳಿಗ್ಗೆ ಹಡಗು ಹತ್ತಿದರೆ ಆರು ವಾರ ನೆಲ ಮುಟ್ಟುವುದಿಲ್ಲ. ಅವನ ಸಹಿ ಬಿದ್ದು ಬುಧವಾರ ಐದು ಗಂಟೆಯ ಟಪಾಲಿಗೆ ಪತ್ರ ಹೋಗಬೇಕು. ಇಲ್ಲವಾದರೆ ಮನೆ ಮಾರಾಟಕ್ಕೆ.

ಸಹಿಯ ಕೆಳಗೆ ಇಬ್ಬರ ಸಾಕ್ಷಿ ಬೇಕಿತ್ತು.

ಗುನ್‌ವೋರ್, ಆಸ್‌ಬ್ಯೋರ್ನ್ ಇಬ್ಬರೂ ಬುಧವಾರ ನಾಲ್ಕು ಗಂಟೆಗೆ ನನ್ನ ಅಂಗಡಿಗೆ ಬಂದರು. ಆ ಹೊತ್ತಿಗೆ ಒಲೆಯ ಸುತ್ತ ಆರು ಜನ ಕೂತಿರುವುದು ರೂಢಿ. ‘ಇವರು ನನ್ನ ಕಣ್ಣೆದುರು ಸಹಿ ಮಾಡಿದ್ದಾರೆ’ ಎಂಬುದಷ್ಟೇ ಸಾಕ್ಷಿಯ ಮಾತು ಎಂದು ಗುನ್‌ವೋರ್ ಕಾಗದ ಓದಿ ಹೇಳಿದಳು. ಒಲೆಯ ಪಕ್ಕ ಕೂತಿದ್ದ ಎಡ್ವಿನ್, ತನ್ನ ಕೈಯೆಲ್ಲ ಮೀನೆಣ್ಣೆ ಎಂದ. ಚರ್ಚಿನಲ್ಲಿ ಹಾಡು ಹೇಳಿಸುವ ಟೊರ್‌ಹಿಲ್ಡ್, ಇಂಥದ್ದನ್ನೆಲ್ಲ ಪೇಟೆಯಲ್ಲಿ ಮಾಡಿಸಿದರೆ ಚೆಂದ ಎಂದಳು. ನಾನು ಫ್ರೀಜರ್ ನೋಡಿ ಬರುತ್ತೇನೆಂದು ಒಳಗೆ ಹೋದೆ. ಫ್ರೀಜರಿಗೆ ಏನೂ ಆಗಿರಲಿಲ್ಲ.

ನಮ್ಮ ತಲೆಯಲ್ಲಿದ್ದದ್ದು ಬೇರೆ. ಮನೆ ಕಟ್ಟಿಸಿದ್ದು ಆಸ್‌ಬ್ಯೋರ್ನನ ಅಪ್ಪ. ಅವನ ತಾಯಿ ಆಲ್ಫ್‌ಹಿಲ್ಡ್ ಇನ್ನೂ ಆ ಮನೆಯ ಕೆಳಗಿನ ಕೋಣೆಯಲ್ಲಿ, ಗುನ್‌ವೋರಳ ಜೊತೆಗೇ ಇದ್ದಳು. ಸಾಕ್ಷಿ ಹಾಕಿದರೆ, ಗಂಡನನ್ನು ಬಿಟ್ಟ ಸೊಸೆಗೆ ಆ ಮನೆಯನ್ನು ನಾವೇ ಬರೆದುಕೊಟ್ಟ ಹಾಗೆ ಎಂದುಕೊಂಡೆವು. ಬಿಟ್ಟುಹೋದವನು ಮಗ ಎಂಬುದು ಯಾರ ನೆನಪಿಗೂ ಬರಲಿಲ್ಲ. ಇಂಥ ಕಾಗದಕ್ಕೆ ಅತ್ತೆಯನ್ನು ಕರೆಯುವ ಮನಸ್ಸು ಗುನ್‌ವೋರಳಿಗೂ ಆಗಿರಲಿಲ್ಲ.

ನಾಲ್ಕೂವರೆಗೆ ಆಲ್ಫ್‌ಹಿಲ್ಡ್ ತಾನಾಗಿಯೇ ಬ್ರೆಡ್ಡಿಗೆ ಬಂದಳು.

“ಏನೋ ಇದು, ಎಲ್ಲ ಸಾವಿನ ಮನೇಲಿ ಕೂತಂಗೆ ಕೂತಿದೀರಿ?”

“ಮನೆ ಪತ್ರಕ್ಕೆ ಸಾಕ್ಷಿ ಬೇಕಮ್ಮ,” ಎಂದ ಆಸ್‌ಬ್ಯೋರ್ನ್.

“ಎಡ್ವಿನ್, ನಿಂಗೆ ಬರೆಯೋದು ಮರೆತುಹೋಯ್ತಾ?”

ಎಡ್ವಿನ್ ಲೋಟದೊಳಗೆ ನೋಡಿದ. “ನಿಮ್ಮ ಯಜಮಾನ್ರು ಕಟ್ಟಿಸಿದ ಮನೆ ಆಲ್ಫ್‌ಹಿಲ್ಡಮ್ಮ. ನಿಮ್ಮ ಮುಖ ನೋಡಿ ಸುಮ್ನಿದ್ವಿ.”

“ಮುಖ ನೋಡಿದ್ರಿ. ಬಾಯಿಬಿಟ್ಟು ಕೇಳಿದ್ರಾ?” ಮುದುಕಿ ಕುರ್ಚಿ ಎಳೆದು ಕೂತಳು. “ಕಟ್ಟಿಸಿದ್ದು ಅವರೇ. ಬಿರುಗಾಳಿಗೆ ಮಾಡು ಹಾರಿಹೋದಾಗ ಮೇಲೆ ಹತ್ತಿ ತಗಡು ಬಡಿದೋಳು ಇವಳು. ಈ ನನ್ನ ಮಗ ಎಲ್ಲಿದ್ದ? ಸಮುದ್ರದಲ್ಲಿ. ಯಾವಾಗ ಕೇಳಿದ್ರೂ ಸಮುದ್ರದಲ್ಲಿ.”

“ಅದು ನಿಜಾನೇ,” ಎಂದು ಆಸ್‌ಬ್ಯೋರ್ನ್ ನಕ್ಕ.

“ನಗಬೇಡ, ಬರಿ. ನೋಡ್ತಿದೀನಿ.”

ಅವನು ಸಹಿ ಹಾಕಿದ. ಮುದುಕಿ ಅದರ ಕೆಳಗೆ ಸಾಕ್ಷಿಯಾಗಿ ತನ್ನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬರೆದಳು. ಎರಡನೆಯ ಸಾಲಿಗೆ ನಾನು ಪೆನ್ನು ತೆಗೆದುಕೊಂಡೆ. ಇದನ್ನು ಧೈರ್ಯ ಎನ್ನಬೇಡಿ. ಎಪ್ಪತ್ತೆಂಟರ ಮುದುಕಿ ಹಿಮ ತುಳಿದು ದಾರಿ ಮಾಡಿದ ಮೇಲೆ ಹಿಂದೆ ನಡೆಯುವುದು ಯಾವ ಮಹಾ ಕೆಲಸ.

ಗುನ್‌ವೋರ್ ಲಕೋಟೆ ಅಂಟಿಸಿದಳು. ರಾತ್ರಿಗೆ ಏನು ಮಾಡಲಿ ಎಂದು ಅತ್ತೆಯನ್ನು ಕೇಳಿದಳು.

“ಮೀನಿನ ಉಂಡೆ ಮಾಡು. ಇವನನ್ನೂ ಕರಿ. ಇನ್ಮೇಲೆ ನೆಂಟ ಅಲ್ವಾ.”

ಮೂರು ವಾರದ ಮೇಲೆ ಮುದ್ರೆಯೊತ್ತಿದ ಪತ್ರ ಬಂತು. ಮಾಲೀಕರ ಜಾಗದಲ್ಲಿ ಒಂದೇ ಹೆಸರು. ಆಲ್ಫ್‌ಹಿಲ್ಡ್ ಇನ್ನೂ ಹನ್ನೊಂದು ವರ್ಷ ಕೆಳಗಿನ ಕೋಣೆಯಲ್ಲೇ ಬದುಕಿದಳು. ಮನೆ ಮಾರಾಟವಾಗಿದ್ದರೆ ಅವಳು ಎಲ್ಲಿಗೆ ಹೋಗಬೇಕಿತ್ತು ಎಂದು, ಅವಳಿಗಾಗಿಯೇ ಬಾಯಿ ಮುಚ್ಚಿ ಕೂತಿದ್ದ ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ.