ಅಕ್ಕನ ಬರಿಗೈ

ನಮ್ಮಕ್ಕನಷ್ಟು ನಿಯತ್ತಿನ ಹೆಂಗಸು ಈ ಬೀದಿಯಲ್ಲೇ ಇಲ್ಲ ಎಂದು ಯಾರೆದುರು ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಹಾಗೆ ಹೇಳಬೇಕಾಗಿ ಬಂತಲ್ಲ, ಅದೇ ನನ್ನ ಸಂಕಟ.

ಅವಳು ಕೆಲಸಕ್ಕಿರುವುದು ಒಡವೆ ಅಂಗಡಿಯಲ್ಲಿ. ಹುಡುಗಿಯಾಗಿದ್ದಾಗ ಸೇರಿದವಳು, ಈಗ ಕೂದಲು ನರೆತಿದೆ. ಮದುವೆ ಬೇಡವೆಂದಳು. ಪಕ್ಕದ ಬೀದಿಯಲ್ಲೊಂದು ಬಾಡಿಗೆ ಕೋಣೆ, ರಜೆಯ ದಿನ ನಮ್ಮ ಮನೆಯಲ್ಲಿ ಊಟ, ನನ್ನ ಮಗಳೆಂದರೆ ಪ್ರಾಣ. ಇಷ್ಟೇ ಅವಳ ಪ್ರಪಂಚ. ಆ ಅಂಗಡಿಯ ಚಾವಣಿ ತುಂಬ ಕ್ಯಾಮೆರಾ. ಕೌಂಟರ್ ಬಿಟ್ಟು ಕದಲುವ ಮೊದಲು ಎರಡೂ ಕೈ ಎತ್ತಿ, ಬೆರಳು ಬಿಡಿಸಿ, ಅಂಗೈ ಹಿಂಗೈ ಎರಡನ್ನೂ ಅದಕ್ಕೆ ತೋರಿಸಬೇಕು. ನೀರು ಕುಡಿಯಲು ಹೋದರೂ ಅಷ್ಟೇ. ಕಿವಿ ತುರಿಸುವಂತಿಲ್ಲ, ಕೂದಲು ಸರಿಮಾಡಿಕೊಳ್ಳುವಂತಿಲ್ಲ. ಒಂದು ಓಲೆ ಅಡಗಿಸಲು ಎಷ್ಟು ಜಾಗ ಬೇಕು? ಒಮ್ಮೆ ಮೂಗು ಒರೆಸಿಕೊಂಡಳೆಂದು ಮ್ಯಾನೇಜರ್ ಒಳಗೆ ಕರೆಸಿ, ಅದನ್ನೇ ಪರದೆಯ ಮೇಲೆ ಮತ್ತೆ ಮತ್ತೆ ತೋರಿಸಿದನಂತೆ. ಅವನ ಮುಖಕ್ಕಿಷ್ಟು ಬೆಂಕಿ ಹಾಕ!

ಆ ಚಾಳಿ ಮೈಗಂಟಿತು. ನಮ್ಮ ಅಡುಗೆಮನೆಯಲ್ಲಿ ಹಿಟ್ಟು ನಾದಿ ಏಳುವಾಗಲೂ ಅವಳ ಕೈ ತಾನಾಗಿ ಮೇಲೇಳುತ್ತಿತ್ತು.

"ಅಕ್ಕಾ, ಅಲ್ಲಿ ಹಲ್ಲಿ ಬಿಟ್ರೆ ಯಾರೂ ಇಲ್ಲ. ಅದು ನಿನ್ನ ನಂಬಿದೆ, ಕೈ ಇಳಿಸು," ಎಂದು ರೇಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಮಗಳನ್ನು ಮೆಚ್ಚಿದ ಹುಡುಗನ ಮನೆಯವರು ಮಾತುಕತೆಗೆ ಬಂದ ದಿನ ಆ ನಗು ನಿಂತಿತು. ಹುಡುಗನ ತಾಯಿ ಕೈ ತೊಳೆದು ಬಂದು ಕೂತವರು, "ಅಯ್ಯೋ, ನನ್ನ ಉಂಗುರ!" ಎಂದರು. ತೊಳೆಯುವಾಗ ತೆಗೆದಿಟ್ಟಿದ್ದರಂತೆ. ಎಲ್ಲರೂ ಎದ್ದು ಹುಡುಕಿದೆವು. ನನ್ನ ಗಂಡ ಸೋಫಾದ ಕೆಳಗೆ ತಲೆ ತೂರಿಸಿದರು. ಚಹಾದ ತಟ್ಟೆ ಕೆಳಗಿಟ್ಟ ಅಕ್ಕ ಮಾತ್ರ ಕೋಣೆಯ ನಡುವೆ ನಿಂತು, ಎರಡೂ ಕೈ ಎತ್ತಿ, ಬೆರಳು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದಳು.

ಹುಡುಕುತ್ತಿದ್ದವರೆಲ್ಲ ನಿಂತುಬಿಟ್ಟರು.

"ನಿಮ್ಮನ್ನ ಯಾರೂ ಏನೂ ಕೇಳಲಿಲ್ಲವಲ್ಲ," ಎಂದರು ಹುಡುಗನ ತಾಯಿ, ಮೆಲ್ಲಗೆ.

ಉಂಗುರ ಅವರ ಚೀಲದಲ್ಲೇ, ಕರವಸ್ತ್ರದ ಮಡಿಕೆಯಲ್ಲಿ ಸಿಕ್ಕಿತು. ಎಲ್ಲರೂ ಬೇಕೆಂದೇ ಜೋರಾಗಿ ನಕ್ಕರು. ಮದುವೆಯೂ ಕುದುರಿತು. ಆದರೆ ಹೊರಡುವಾಗ ಆ ಹೆಂಗಸು ಅಕ್ಕನ ಕಡೆಯಿದ್ದ ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡದ್ದನ್ನು ನಾನು ನೋಡಿದೆ. ಅಕ್ಕನೂ ನೋಡಿದಳು.

ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿಯಲಿಲ್ಲ. ಮಗಳು ಹೋಗಿ, "ದೊಡ್ಡಮ್ಮಾ, ನೀನು ಬರದಿದ್ರೆ ನಂಗೆ ಈ ಮದುವೇನೇ ಬೇಡ," ಎಂದು ಅತ್ತು ಬಂದಳು. ಕೊನೆಗೆ ನಾನೇ ಹೋಗಿ ಕೂಗಾಡಿದೆ.

"ಕದ್ದವಳ ಹಾಗೆ ಬಾಗಿಲು ಹಾಕ್ಕೊಂಡು ಕೂತಿದ್ದೀಯಲ್ಲ, ಏನು ಬಂದಿದೆ ನಿಂಗೆ?"

"ಅಂಗಡೀಲಿ ಏನಾದ್ರೂ ಕಳೆದುಹೋದ್ರೆ ನಂಗೆ ಭಯ ಇಲ್ಲ ಕಣೇ," ಎಂದಳು. "ನಾನು ಮುಟ್ಟಿಲ್ಲ ಅಂತ ಕ್ಯಾಮೆರಾ ಹೇಳುತ್ತೆ. ನಿಮ್ಮನೇಲಿ ನನ್ನ ಪರವಾಗಿ ಹೇಳೋರು ಯಾರು?"

"ನಾನು ಸತ್ತಿದ್ದೀನಾ?"

"ನೀನು ತಂಗಿ. ನಿನ್ನ ಮಾತು ಯಾರು ನಂಬ್ತಾರೆ? ಹಾಲ್‌ನಲ್ಲಿ ಒಂದು ಕ್ಯಾಮೆರಾ ಹಾಕಿಸೇ. ಬೀಗಿತ್ತಿ ಫೋನಿಗೂ ಬರೋ ಹಾಗೆ ಮಾಡ್ಸು. ಅವರೇ ಕಣ್ಣಾರೆ ನೋಡ್ಲಿ. ಆಗ ಬರ್ತೀನಿ," ಎಂದಳು.

ಕೋಪ ನೆತ್ತಿಗೇರಿತು. ಬಾಯಿಗೆ ಬಂದದ್ದು ಬೈದೆ. ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ. ಆದರೆ ಅಕ್ಕನಿಲ್ಲದೆ ಮಗಳ ಮದುವೆ ಹೇಗೆ ಮಾಡಲಿ? ಭಾವೀ ಅಳಿಯನಿಗೆ ಹೇಳಿದೆ. "ಒಳ್ಳೇದೇ ಆಯ್ತು ಅತ್ತೆ, ಮನೆಗೂ ಕ್ಷೇಮ," ಎಂದು ಅವನೇ ಬಂದು ಹಾಕಿಕೊಟ್ಟ. ಅವನ ತಾಯಿಯ ಫೋನಿಗೂ ಜೋಡಿಸಿದ.

ಅಕ್ಕ ಬಂದಳು. ನೆಟ್ಟಗೆ ಅದರ ಎದುರಿನ ಕುರ್ಚಿಯಲ್ಲೇ ಕೂತು, ಎಷ್ಟೋ ದಿನಗಳ ಮೇಲೆ ಹಾಯಾಗಿ ನಕ್ಕಳು. ಮಗಳ ಕೆನ್ನೆ ಎರಡೂ ಕೈಯಲ್ಲಿ ಹಿಡಿದು ಮುದ್ದಿಸಿದಳು. ಬಿಟ್ಟವಳು ಅಂಗೈಗಳನ್ನು ಮೇಲಕ್ಕೆ ತೋರಿಸಿದಳು. ನಾವು ಯಾರೂ ರೇಗಿಸಲಿಲ್ಲ.

ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ ನನ್ನ ಗಂಡ ಒದ್ದೆ ಟವೆಲನ್ನು ಸೋಫಾದ ಮೇಲೆ ಎಸೆದರು. ಮದುವೆಯಾದಾಗಿನಿಂದ ಆ ಟವೆಲಿಗಾಗಿ ನಾನು ಅವರ ಜನ್ಮ ಜಾಲಾಡದ ದಿನವಿಲ್ಲ.

"ರೀ, ನಿಮಗೇನು..." ಎಂದು ಬಾಯಿ ತೆರೆದವಳು ಮೇಲೆ ನೋಡಿದೆ. ಬೀಗಿತ್ತಿ ಈಗ ಫೋನು ಹಿಡಿದು ಕೂತಿರಬಹುದು, ಇಲ್ಲದೆಯೂ ಇರಬಹುದು. ಬೈಗುಳ ನುಂಗಿಕೊಂಡೆ. ಟವೆಲನ್ನು ಮಡಿಸಿ, ಮುಖದ ಮೇಲೆ ನಗು ತಂದುಕೊಂಡು, ಒಳಗೆ ನಡೆದೆ.

"ಅಭ್ಯಾಸ ಆಗುತ್ತೆ ಬಿಡೇ," ಎಂದಳು ಅಕ್ಕ ಹಿಂದಿನಿಂದ, ತುಂಬ ಪ್ರೀತಿಯಿಂದ.