ಟಗರಿನ ಬೆಲೆ ಐದು ಸಾವಿರ ದಾಟಿದರೆ

ಸುರಪುರದ ಆಚೆ ಕುರಿ ಮೇಯಿಸುವ ಬಾಲಪ್ಪನಿಗೆ ಹೆಂಡತಿಯನ್ನು ಬೈಯಲು ಬರುತ್ತದೆ, ದೇವರನ್ನೂ ಬೈಯಲು ಬರುತ್ತದೆ. ತನ್ನ ಕುರಿಯನ್ನು ಮಾತ್ರ ಬೈಯಲು ಬರುವುದಿಲ್ಲ. ಸಂತೆಯಲ್ಲಿ ಅವನು ಕುಂಟು ಮರಿಯನ್ನು ಹೊಗಳುವುದನ್ನು ಕೇಳಿದರೆ, ಆ ಮರಿಗೇ ನಾಚಿಕೆಯಾಗಬೇಕು. ಇಂಥವನು ಹೋದ ಶ್ರಾವಣದಲ್ಲಿ ಕಳ್ಳನೆಂದು ಠಾಣೆಯ ಮೆಟ್ಟಿಲು ಹತ್ತಿದ.

ಆದದ್ದಿಷ್ಟು. ತನ್ನ ಬೀಜದ ಟಗರನ್ನು ಶಹಾಪುರದ ಕಡೆಯ ಕುರಿಗಾರ ಮಲ್ಲಿನಾಥನಿಗೆ ಕೊಟ್ಟು, ಬದಲಿಗೆ ಎರಡು ಹೆಣ್ಣುಮರಿ ತಂದಿದ್ದ. ಪಂಚಮಿ ಬಂತು. ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವುದನ್ನು ನೋಡಿ ಬಾಲಪ್ಪನ ಕರುಳು ಚುರ್ ಅಂದಿತು. ಮಲ್ಲಿನಾಥ ಇಲ್ಲದ ಹೊತ್ತಿಗೆ ಅವನ ಹಟ್ಟಿಗೆ ಹೋಗಿ, ಟಗರಿನ ಹಗ್ಗ ಬಿಚ್ಚಿ, ಹಾಡಹಗಲೇ ಟಂಟಂ ಆಟೊ ಹತ್ತಿಸಿ ಮನೆಗೆ ತಂದುಬಿಟ್ಟ. ಮಲ್ಲಿನಾಥ ದೂರು ಕೊಟ್ಟ, ಬಾಲಪ್ಪ ಟಗರಿನ ಸಮೇತ ಠಾಣೆಗೆ ಬರಬೇಕಾಯಿತು.

“ಕಳ್ಳತನ ಅಲ್ರಿ ಅಕ್ಕಾರ, ಹಬ್ಬಕ್ಕ ತವರಿಗೆ ಕರಕೊಂಡು ಬಂದೀನಿ” ಎಂದ, ಹೆಡ್ ಕಾನ್‌ಸ್ಟೆಬಲ್ ಕಸ್ತೂರಿಯ ಮುಂದೆ.

“ಟಗರಿಗೆ ಎಲ್ಲೀ ತವರೋ ಯಪ್ಪಾ” ಎಂದು ಆಕೆ ಹಣೆ ಒತ್ತಿಕೊಂಡು ಕಾನೂನು ಬಿಡಿಸಿ ಹೇಳಿದಳು. “ಕೇಳದೆ ಒಯ್ದರ ಕಳ್ಳತನನೇ. ಆದ್ರ ಮಾಲು ಐದು ಸಾವಿರದ ಒಳಗಿದ್ದು, ಇದು ಮೊದಲನೇ ಸಲ ಆಗಿದ್ರ ಸಣ್ಣ ಗುನ್ನೆ. ವಾಪಸ್ ಕೊಟ್ರ ಜೇಲಿಲ್ಲ, ಭಾಳ ಆದ್ರ ಊರ ಸೇವಾ ಮಾಡಸ್ತಾರ. ಐದು ದಾಟಿತೋ, ದೊಡ್ಡ ಗುನ್ನೆ. ಎಫ್‌ಐಆರ್ ಮಾಡಿ ಒಳಗ ಹಾಕಬೇಕಾಗ್ತದ. ಬೆಲಿ ಎಷ್ಟು ಹೇಳ್ರಿ.”

ಟಗರು ಬಾಗಿಲಲ್ಲಿ ನಿಂತು ನೋಟಿಸ್ ಬೋರ್ಡಿನ ಕಾಗದ ಮೆಲ್ಲುತ್ತಿತ್ತು. ಬಾಲಪ್ಪನನ್ನು ಒಳಗೆ ಹಾಕಿಸಲೆಂದೇ ಬಂದಿದ್ದ ಮಲ್ಲಿನಾಥ. ಆದರೆ ಅವನದು ಜನ್ಮವಿಡೀ ಸಂತೆಯಲ್ಲಿ ಕೊಳ್ಳುವವನ ಬಾಯಿ. ಬೆಲೆ ಎಂಬ ಮಾತು ಬಿದ್ದದ್ದೇ ತಡ, ಟಗರಿನ ತುಟಿ ಎತ್ತಿ ತೋರಿಸಿದ.

“ಹಲ್ಲು ನೋಡ್ರಿ, ಮುದಿ ಆಗ್ಯಾದ. ನಾಕು ಸಾವಿರನೂ ಬಾಳಂಗಿಲ್ಲ.”

ಬಾಲಪ್ಪನ ಹೆಂಡತಿ ಹಣಮಮ್ಮ ಸೆರಗಿನೊಳಗೇ ಕೈ ಮುಗಿದಳು. ಗಂಡ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಿಕೊಳ್ಳುವ ಗಿರಾಕಿಯೇ ಅವನು?

“ನಾಕಾ? ನಿನ್ನ ಕಣ್ಣಿಗೇನು ಹೂ ಬಿದ್ದಾದೇನು? ಇಪ್ಪತ್ತಕ್ಕ ಒಂದು ರೂಪಾಯಿ ಕಮ್ಮಿ ಇಲ್ಲ.”

“ಮೂರೂವರಿ.”

“ಇಪ್ಪತ್ತೈದು.”

ಕಸ್ತೂರಿ ಪೆನ್ನು ಕೆಳಗಿಟ್ಟಳು. ಹಣಮಮ್ಮ ಗಂಡನ ತೋಳು ಚಿವುಟಿದಳು. “ನಿನ್ನ ಬಾಯಾಗ ಮಣ್ಣು ಹಾಕ. ನೀ ಜೇಲಿಗೆ ಹ್ವಾದ್ರ ಕುರಿ ಯಾರು ಕಾಯಬೇಕು?”

“ಹೋಗ್ತೀನಿ. ಇದರ ಮುಂದ ನಿಂತು ಇದನ್ನ ನಾಕು ಸಾವಿರದ್ದು ಅನ್ನಲಾರೆ” ಎಂದು ಬಾಲಪ್ಪ ಕೋಳಕ್ಕೆ ಎರಡೂ ಕೈ ಚಾಚಿದ. ಅವನ ಕಣ್ಣು ತುಂಬಿತ್ತು.

ಮಲ್ಲಿನಾಥನೂ ಕುರಿಗಾರನೇ. ಅವನ ಸಿಟ್ಟು ಅಲ್ಲೇ ಇಳಿಯಿತು. “ನಾಕಂತ ಬರಕೋರಿ ಅಕ್ಕಾರ” ಎಂದ, ದನಿ ತಗ್ಗಿಸಿ. “ಹಬ್ಬ ಮುಗಿಸ್ಕೊಂಡು ತಂದು ಬಿಡಲಿ.”

“ನಿನ್ನ ಒಪ್ಪಿಗಿ ಅದಾ ಏನಪಾ?” ಕಸ್ತೂರಿ ಬಾಲಪ್ಪನನ್ನು ಕೇಳಿದಳು.

ಬಾಲಪ್ಪ ಟಗರಿನ ಹತ್ತಿರ ಹೋಗಿ, ಅದರ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದ.

“ಈಗ ಬರಕೋರಿ.”