ಫಾರಿನ್ ಮಾಲು, ಪೀಣ್ಯದ ಕ್ಲಿಯರೆನ್ಸು

“ಡಿಸ್ಕೇ ಇಲ್ಲ ಅಂತೈತಲ್ಲ ಮೇಡಂ ಇದು!”

ಪರದೆಯತ್ತ ಬೆರಳು ತೋರಿಸಿ ಮುನಿರಾಜು ಹೀಗೆಂದಾಗ ಅವರ ದನಿಯಲ್ಲಿ ಇದ್ದದ್ದು ಗಾಬರಿಯಲ್ಲ, ಅವಮಾನ. ಡಿಸ್ಕುಗಳು ಅವರ ಕಣ್ಣೆದುರೇ ಇದ್ದವು. ಹಸಿರು ದೀಪ ಮಿಟುಕಿಸುತ್ತ ಗುಂಯ್ ಎನ್ನುತ್ತಿದ್ದವು. ಅವನ್ನು ಚೌಕಾಸಿ ಮಾಡಿ ಕೊಂಡು ತಂದವರೇ ಅವರು. ಈಗ ಒಂದು ಪೆನ್‌ಡ್ರೈವಿನಿಂದ ಎದ್ದು ಬಂದ ಸಾಫ್ಟ್‌ವೇರ್ ‘ಇಲ್ಲಿ ಯಾವ ಡಿಸ್ಕೂ ಇಲ್ಲ’ ಎಂದು ಸಾಧಿಸುತ್ತಿದ್ದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಸ್ಥಳ ಪೀಣ್ಯ. ತಗಡು ಒತ್ತುವ ಅಚ್ಚುಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆ. (ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಹೋದಾಗ ಕಾಫಿ ಸಿಗುವುದಿಲ್ಲ.) ಇಷ್ಟು ವರ್ಷ ಅವರು ಮಾಡಿದ ಅಚ್ಚುಗಳ ಡ್ರಾಯಿಂಗುಗಳೆಲ್ಲ ಇರುವುದು ಒಂದೇ ಸರ್ವರಿನಲ್ಲಿ. ಈ ಅಂಕಣ ಬರೆಯದ ದಿನಗಳಲ್ಲಿ ನಾನು ಇಂಥ ಸರ್ವರುಗಳ ಹೊಟ್ಟೆ ಬಿಚ್ಚಿ ಮುಚ್ಚುವವಳು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಜಾಲಹಳ್ಳಿಯ ನನ್ನ ಮನೆಗೆ ಪೀಣ್ಯ ಹತ್ತಿರ. ಹಾಗಾಗಿ ಅಲ್ಲಿನ ಸಣ್ಣ ಕಾರ್ಖಾನೆಗಳಿಗೆಲ್ಲ ನಾನೇ ಕುಲವೈದ್ಯೆ.

ಮುನಿರಾಜು ಅಲ್ಲಿನ ಪರ್ಚೇಸ್ ಮ್ಯಾನೇಜರ್. ಪೀಣ್ಯದ ಪಕ್ಕದ ಹಳ್ಳಿಯವರು. (ಆ ಹಳ್ಳಿ ಈಗ ಬಸ್‌ಸ್ಟಾಪಿನ ಹೆಸರಾಗಿ ಮಾತ್ರ ಉಳಿದಿದೆ.) ಉಕ್ಕಿನಿಂದ ಹಿಡಿದು ಕ್ಯಾಂಟೀನಿನ ಬೇಳೆಯವರೆಗೆ ಅಲ್ಲಿಗೆ ಬರುವ ಪ್ರತಿಯೊಂದನ್ನೂ ಕೊಳ್ಳುವವರು ಅವರೇ. ಕಂಪ್ಯೂಟರ್ ಕೊಂಡವರೂ ಅವರೇ ಆದ್ದರಿಂದ ಅದನ್ನು ನೋಡಿಕೊಳ್ಳುವವರೂ ಅವರೇ ಎಂದು ಯಾವತ್ತೋ ತೀರ್ಮಾನವಾಗಿ ಹೋಗಿದೆ. ನಿಮ್ಮ ಆಫೀಸಿನಲ್ಲೂ ಹೀಗೇ ಅಲ್ಲವೇ? ಒಮ್ಮೆ ಪ್ರಿಂಟರಿಗೆ ಕಾಗದ ಹಾಕಿದವರು ಜೀವನಪೂರ್ತಿ ಕಾಗದ ಹಾಕುತ್ತಿರಬೇಕು.

ಅವರಿಗೆ ಈ ವರ್ಷ ನಿವೃತ್ತಿ. ಇನ್ನಷ್ಟು ಕಾಲ ಮುಂದುವರಿಸಿ ಎಂದು ಯಜಮಾನರನ್ನು ಕೇಳಿಕೊಂಡಿದ್ದರು. ದಾವಣಗೆರೆ ಕಡೆಯ ಯಜಮಾನ ಶಿವಾನಂದಪ್ಪ ಮಾತಿನಲ್ಲಿ ಜಿಪುಣರು. ಹೂಂ ಎಂದಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ. “ಮನೇಲಿ ಕುಂತ್ರೆ ಉಚ್ಚು ಇಡಿತದೆ ಮೇಡಂ. ಯಜಮಾನ್ರು ಒಂದ್ ಮಾತು ಏಳ್ಬುಟ್ರೆ ಸಾಕು” ಎಂದು ಮುನಿರಾಜು ನನ್ನ ಬಳಿಯೇ ಎಷ್ಟೋ ಸಲ ಹೇಳಿಕೊಂಡಿದ್ದರು.

ಸರಿ, ವಿಷಯಕ್ಕೆ ಬರೋಣ. ಆ ಸರ್ವರಿನಲ್ಲಿ ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್ ಇದೆ. ಹಾಗೆಂದರೇನು? ವರ್ತೂರಿನ ಓನರ್ ಒಬ್ಬರು ಒಂದೇ ಸೈಟಿನಲ್ಲಿ ಗೋಡೆ ಎಬ್ಬಿಸಿ ನಾಲ್ಕಾರು ಪೋರ್ಷನ್ ಮಾಡಿ ಬಾಡಿಗೆಗೆ ಕೊಡುವುದಿಲ್ಲವೇ? ಹಾಗೆ ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ಕೂರಿಸುವ ಓನರ್ ಇದು. ಪ್ರತಿಯೊಬ್ಬ ಬಾಡಿಗೆದಾರನೂ ಮನೆಯೆಲ್ಲ ತನ್ನದೇ ಎಂದುಕೊಂಡಿರುತ್ತಾನೆ. ನೀರಿನ ಟ್ಯಾಂಕು ಮಾತ್ರ ಒಂದೇ.

ಅಲ್ಲಿದ್ದದ್ದು ಹಳೆಯ ವರ್ಷನ್. ಇವರಿಂದ ಅಚ್ಚು ಮಾಡಿಸಿಕೊಳ್ಳುವ ದೊಡ್ಡ ಕಂಪನಿಯವರು ಆಡಿಟ್‌ಗೆ ಬಂದು ಮೂಗು ಮುರಿದರು. ಹೊಸದು ಹಾಕಿ, ಇಲ್ಲದಿದ್ದರೆ ಆರ್ಡರ್ ಇಲ್ಲ ಎಂದರು. ಹೊಸದು ಹಾಕಲು ಹೊರಟಾಗಲೇ ಮೇಲೆ ಹೇಳಿದ ಅವಮಾನವಾದದ್ದು.

ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಬೇರೆ ಪೆನ್‌ಡ್ರೈವ್ ಹಾಕಿದೆ. ಸೆಟ್ಟಿಂಗುಗಳನ್ನು ಹಿಂದೆ ಮುಂದೆ ಮಾಡಿದೆ. ಸರ್ವರ್ ಶುರುವಾಗುವಾಗ ಡಿಸ್ಕುಗಳು ಕಾಣುತ್ತವೆ, ಹೈಪರ್‌ವೈಸರ್ ಹಾಕಲು ಹೋದರೆ ಮಾಯ. ತಪ್ಪು ಡಿಸ್ಕಿನದಲ್ಲ. ಡಿಸ್ಕುಗಳನ್ನೆಲ್ಲ ಒಟ್ಟುಗೂಡಿಸಿ ಆಡಿಸುವ ಕಂಟ್ರೋಲರ್ ಕಾರ್ಡ್ ಒಂದಿರುತ್ತದೆ. ಆ ಹಳೆಯ ಕಾರ್ಡಿನ ಜೊತೆ ಮಾತಾಡುವುದನ್ನು ಹೊಸ ವರ್ಷನ್ ನಿಲ್ಲಿಸಿಬಿಟ್ಟಿದೆ. ನಮ್ಮ ಭಾಷೆಯಲ್ಲಿ ಇದಕ್ಕೆ ‘ಅನ್‌ಸಪೋರ್ಟೆಡ್’ ಎನ್ನುತ್ತೇವೆ.

“ಕಾರ್ಡ್ ಕೆಟ್ಟೋಗೈತಾ?” ಮುನಿರಾಜು ಕೇಳಿದರು.

“ಇಲ್ಲ. ಚೆನ್ನಾಗೇ ಕೆಲಸ ಮಾಡ್ತಿದೆ.”

“ಮತ್ತೆ?”

“ಹೊಸಬರ ಲಿಸ್ಟಲ್ಲಿ ಅದರ ಹೆಸರಿಲ್ಲ.”

ಅವರು ಕಾರ್ಡಿನತ್ತ ಬಗ್ಗಿದರು. “ರಿಟೈರ್‌ಮೆಂಟ್ ಅನ್ನಿ” ಎಂದರು. ಇಷ್ಟು ಚೆನ್ನಾಗಿ ಇದನ್ನು ನನ್ನ ಯಾವ ಟ್ರೈನಿಂಗಿನಲ್ಲೂ ಯಾರೂ ವಿವರಿಸಿರಲಿಲ್ಲ.

ಹಳೆಯ ಕಾರ್ಡಿನ ದುಭಾಷಿಯಾದ ಡ್ರೈವರ್ ಸಾಫ್ಟ್‌ವೇರನ್ನು ಹೊಸ ವರ್ಷನ್ನಿನೊಳಗೆ ತುರುಕುವ ಕಳ್ಳದಾರಿಯೂ ಉಂಟು. ಇಂಟರ್‌ನೆಟ್ಟಿನಲ್ಲಿ ಅದನ್ನು ಮಾಡಿ ಮೀಸೆ ತಿರುವಿದವರು ಬಹಳ ಮಂದಿ. ನಮ್ಮ ಮನೆಯ ಕಂಪ್ಯೂಟರಾದರೆ ನಾನೂ ಮಾಡುತ್ತಿದ್ದೆ. ಇನ್ನೊಬ್ಬರ ಅನ್ನದ ಮೇಲೆ ಅಂಥ ಆಟ ಬೇಡವೆಂದು, ಅದೇ ಜಾತಿಯ, ಆದರೆ ಹೊಸಬರ ಲಿಸ್ಟಿನಲ್ಲಿ ಹೆಸರಿರುವ ಹೊಸ ಕಾರ್ಡ್ ತರಿಸಿ ಎಂದೆ. ಇಲ್ಲಿ ಎಲ್ಲೂ ಸಿಗಲಿಲ್ಲ. ಮುನಿರಾಜು ಹೊರದೇಶದಿಂದ ತರಿಸಿದರು. ಅದು ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿತು.

ಆ ದಿನಗಳಲ್ಲಿ ಅವರಿಗೆ ಯಾವಾಗ ಫೋನ್ ಮಾಡಿದರೂ ಇನ್ನೊಂದು ಫೋನಿನಲ್ಲಿ ಒಂದೇ ಮಾತು. “ಅಣ್ಣಾ, ಕ್ಲಿಯರ್ ಆಯ್ತಾ?” “ಇಂಪೋರ್ಟ್ ಪೇಪರೆಲ್ಲ ಕೊಟ್ಟಾಗೈತೆ ಅಣ್ಣ, ಕ್ಲಿಯರ್ ಒಂದ್ ಮಾಡ್ಸ್‌ಕೊಡಿ.” ಪರ್ಚೇಸಿನವರ ನಿಘಂಟಿನಲ್ಲಿ ‘ಕ್ಲಿಯರ್’ಗಿಂತ ಸಿಹಿಯಾದ ಪದವಿಲ್ಲ. ಬಿಲ್ ಕ್ಲಿಯರ್, ಚೆಕ್ ಕ್ಲಿಯರ್, ಮಾಲು ಕ್ಲಿಯರ್. ಕಡೆಗೊಂದು ಬೆಳಿಗ್ಗೆ “ಕ್ಲಿಯರ್ ಆಯ್ತು ಮೇಡಂ, ಬಂದ್ಬುಡಿ!” ಎಂದು ಮದುವೆಗೆ ಕರೆದಷ್ಟು ಖುಷಿಯಲ್ಲಿ ಕರೆದರು.

ಹೋದೆ. “ಬ್ಯಾಕಪ್ ತೆಗೆದಿದ್ದೀರಾ?” ಎಂದೆ. “ತೆಗ್ದಾಗೈತೆ” ಎಂದರು. ಹಳೇ ಕಾರ್ಡಿನ ಸೆಟ್ಟಿಂಗುಗಳ ಫೋಟೋ ಹೊಡೆದುಕೊಂಡು ಅದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಡಿಸ್ಕುಗಳನ್ನು ಮುಟ್ಟಲಿಲ್ಲ. ಸರ್ವರ್ ಚಾಲೂ ಮಾಡುವಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡು, ಎತ್ತುವ ಮೊದಲೇ ಕಟ್ ಆಯಿತು. ಪ್ರೆಸ್ ಶಾಪಿಗೆ ಅಂಟಿಕೊಂಡ ಆ ರೂಮಿನಲ್ಲಿ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪ್ರೆಸ್ಸಿನ ಸದ್ದಿನಲ್ಲಿ ಮಾತು ಕೇಳುವುದಂತೂ ದೂರವೇ ಉಳಿಯಿತು. “ಒಂದ್ನಿಮಿಷ, ನೋಡ್ಕೊಳ್ಳಿ” ಎಂದು ಹೊರಗೆ ಹೋದೆ.

ನೋಡ್ಕೊಳ್ಳಿ ಎಂದರೆ ಏನು? ಕಣ್ಣಿಟ್ಟಿರಿ ಎಂದೇ? ನೀವೇ ನಿಭಾಯಿಸಿ ಎಂದೇ? ನನ್ನ ಮನಸ್ಸಿನಲ್ಲಿ ಇದ್ದದ್ದು ಮೊದಲನೆಯದು. ಮುನಿರಾಜು ಜವಾಬ್ದಾರಿಯ ಮನುಷ್ಯ. ಅವರಿಗೆ ಕೇಳಿಸಿದ್ದು ಎರಡನೆಯದು. (ತಪ್ಪನ್ನೆಲ್ಲ ಇಂಗ್ಲಿಷಿನ ತಲೆಗೇ ಕಟ್ಟುವುದು ಬೇಡ, ಕನ್ನಡಕ್ಕೂ ಒಂದು ಪಾಲಿರಲಿ.)

ವಾಪಸ್ ಬಂದಾಗ ಅವರ ಮುಖ ಅರಳಿತ್ತು.

“ಕ್ಲಿಯರ್ ಮಾಡ್ಬುಟ್ಟೆ ಮೇಡಂ!”

“ಏನನ್ನ?”

“ಫಾರಿನ್ ಅಂತ ಬಂತು. ಇಂಪೋರ್ಟ್ ಮಾಡ್ಬೇಕಾ, ಕ್ಲಿಯರ್ ಮಾಡ್ಬೇಕಾ ಅಂತ ಕೇಳ್ತು. ಕಾರ್ಡ್ ಫಾರಿನ್ದೇ ಅಲ್ವಾ? ಇಂಪೋರ್ಟ್ ಆಗ್ಲೇ ಆಗೈತೆ. ಅದುಕ್ಕೆ ಕ್ಲಿಯರ್ ಒತ್ತಿದೆ. ಗ್ಯಾರಂಟೀನಾ ಅಂತ ಇನ್ನೊಂದ್ಸಲ ಕೇಳ್ತು. ಥೇಟ್ ಕಸ್ಟಮ್ಸ್‌ನೋರ ತರಾನೇ. ಊಂ ಅಂದೆ.”

ನನಗೆ ಭಯವಾಯಿತು. ಅಲಂಕಾರವಿಲ್ಲದೆ ಹೇಳುತ್ತಿದ್ದೇನೆ.

ಬೇರೊಂದು ಕಾರ್ಡಿನ ಕೈಕೆಳಗೆ ಇದ್ದ ಡಿಸ್ಕುಗಳನ್ನು ಹೊಸ ಕಾರ್ಡ್ ‘ಫಾರಿನ್’ ಎಂದು ಕರೆಯುತ್ತದೆ. ನನ್ನವಲ್ಲ, ಪರದೇಶಿಗಳು ಎಂದು. ಇಂಪೋರ್ಟ್ ಎಂದರೆ ಇರುವ ಜೋಡಣೆಯನ್ನು ಹಾಗೆಯೇ ಒಪ್ಪಿಕೋ ಎಂದರ್ಥ. ಕ್ಲಿಯರ್ ಎಂದರೆ ಆ ಜೋಡಣೆಯನ್ನು ಅಳಿಸಿಹಾಕು ಎಂದರ್ಥ. ಪ್ರತಿ ಡ್ರಾಯಿಂಗೂ ತುಂಡು ತುಂಡಾಗಿ ಎಲ್ಲ ಡಿಸ್ಕುಗಳಲ್ಲೂ ಹಂಚಿಕೊಂಡಿರುತ್ತದೆ. ಯಾವ ಡಿಸ್ಕಿನ ಪಕ್ಕ ಯಾವುದು, ಯಾವ ತುಂಡಿನ ನಂತರ ಯಾವ ತುಂಡು ಎಂಬುದು ಮರೆತುಹೋದ ಮೇಲೆ ಡ್ರಾಯಿಂಗು ಇದ್ದೂ ಇಲ್ಲದಂತೆ.

ಇದನ್ನೇ ಅವರಿಗೆ ಹೇಳಿದೆ. ಮೆಲ್ಲಗೇ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತರು.

“ಇರಲಿ, ಬ್ಯಾಕಪ್ ಇದೆಯಲ್ಲ” ಎಂದೆ.

“ಐತೆ. ಆಯುಧಪೂಜೇದು.”

ಅಲ್ಲಿ ಆಯುಧಪೂಜೆಯ ದಿನ ಮಷೀನುಗಳನ್ನೆಲ್ಲ ಒರೆಸಿ ಕುಂಕುಮ ಹಚ್ಚುವಾಗ ಸರ್ವರಿಗೂ ಒಂದು ಬೊಟ್ಟಿಟ್ಟು, ಅದೇ ಮುಹೂರ್ತದಲ್ಲಿ ಬ್ಯಾಕಪ್ ತೆಗೆಯುವುದು ಪದ್ಧತಿಯಂತೆ. ವರ್ಷಕ್ಕೊಮ್ಮೆ, ಶ್ರದ್ಧೆಯಿಂದ. ಅದಾದ ಮೇಲೆ ಯುಗಾದಿ ಕಳೆದಿತ್ತು. ಆಮೇಲೆ ಮಾಡಿದ ಡ್ರಾಯಿಂಗುಗಳೆಲ್ಲ, ಅಂದರೆ ಈಗ ಒಳಗೆ ಅರ್ಧ ಕೊರೆದಿಟ್ಟ ಅಚ್ಚುಗಳ ಡ್ರಾಯಿಂಗುಗಳೂ ಸೇರಿದಂತೆ ಎಲ್ಲವೂ, ಈ ಡಿಸ್ಕುಗಳಲ್ಲಿ ಮಾತ್ರ. ಬ್ಯಾಕಪ್ಪನ್ನು ಕಣ್ಣಾರೆ ನೋಡದೆ ನಾನೇಕೆ ಸ್ಕ್ರೂಡ್ರೈವರ್ ಹಿಡಿದೆ? ಕೇಳಬೇಡಿ.

“ಯಜಮಾನ್ರಿಗೆ ಏನಂತ ಏಳ್ಲಿ ಮೇಡಂ? ಇಷ್ಟ್ ವರ್ಷ ಒಂದ್ ಮೊಳೆ ಅಂಗೆ ಇಂಗೆ ಆಗಕ್ಕೆ ಬಿಟ್ಟೋನಲ್ಲ ನಾನು.”

ಕೆಲಸಕ್ಕೆ ಕೂತೆ.

ಒಂದು ಆಸೆ ಇತ್ತು. ಕ್ಲಿಯರ್ ಅಳಿಸುವುದು ಜೋಡಣೆಯ ಗುರುತನ್ನು ಮಾತ್ರ. ಡ್ರಾಯಿಂಗಿನ ತುಂಡುಗಳು ಡಿಸ್ಕುಗಳ ಮೇಲೆ ಎಲ್ಲಿದ್ದವೋ ಅಲ್ಲಿಯೇ ಇರುತ್ತವೆ. ಮೊದಲಿದ್ದ ಕ್ರಮದಲ್ಲೇ, ಮೊದಲಿದ್ದ ಅಳತೆಯಲ್ಲೇ ಜೋಡಣೆಯನ್ನು ಮತ್ತೆ ಬರೆದರೆ ಎಲ್ಲ ಮರಳಿ ಕಾಣಬಹುದು. ಡಿಸ್ಕುಗಳು ಜಾಗ ಬಿಟ್ಟು ಕದಲಿರಲಿಲ್ಲ. ಅಳತೆಗಳು ನನ್ನ ಫೋನಿನ ಫೋಟೋದಲ್ಲಿದ್ದವು. ಆದರೆ ಬರೆಯುವಾಗ ‘ಇನಿಷಿಯಲೈಸ್’ ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ. ಕೇಳಲು ಶುಭಾರಂಭದಂತಿದೆ ಅಲ್ಲವೇ? ಅದಕ್ಕೆ ಹೂಂ ಎಂದರೆ ಡಿಸ್ಕುಗಳು ತೊಳೆದಿಟ್ಟ ತಟ್ಟೆಯಾಗುತ್ತವೆ. ಈ ಪದಗಳನ್ನು ಇಟ್ಟವರು ಯಾರಪ್ಪಾ?

ಫೋಟೋ ನೋಡಿಕೊಂಡು ಜೋಡಣೆಯನ್ನು ಮತ್ತೆ ಬರೆದು, ಆ ಪ್ರಶ್ನೆಗೆ ಬೇಡ ಎಂದು ಒತ್ತಿದೆ. ಒತ್ತುವ ಮುನ್ನ ಆ ಸಾಲನ್ನು ಗಟ್ಟಿಯಾಗಿ ಓದಿದೆ. ಮುನಿರಾಜು ಪರದೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಹೈಪರ್‌ವೈಸರಿನ ಪೆನ್‌ಡ್ರೈವ್ ಹಾಕಿದೆ. ಡಿಸ್ಕುಗಳು ಕಂಡವು. ಹಳೆಯ ದತ್ತಾಂಶ ಇದೆ, ಉಳಿಸಿಕೊಳ್ಳಲೇ ಎಂದು ಕೇಳಿತು. ಇಂಥ ಮರ್ಯಾದೆಯ ಪ್ರಶ್ನೆಯನ್ನು ಅದು ಅಂದು ಕೇಳಿದ್ದು ಅದೊಂದೇ. ಉಳಿಸಿಕೋ ಎಂದೆ. ಎಲ್ಲ ಮುಗಿದ ಮೇಲೆ ಯುಗಾದಿಯ ನಂತರದ ಡ್ರಾಯಿಂಗೊಂದನ್ನು ತೆರೆದೆ. ಗೆರೆ ಗೆರೆಯೂ ಸರಿಯಾಗಿತ್ತು. ಮುನಿರಾಜು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು.

ಆಗ ಶಿವಾನಂದಪ್ಪ ಬಂದರು.

“ಏನ್ರಿ ಮೇಡಂ, ಡಿಸೈನಿನವ್ರೆಲ್ಲ ಕೈಕಟ್ಟಿ ಕುಂತಾರ. ಕಾರ್ಡ್ ಬದಲಿ ಮಾಡಾಕೆ ಇಷ್ಟೊತ್ತಾ? ಏನಾತು?”

ಮುನಿರಾಜು ಎದ್ದು ನಿಂತರು. ಬಾಯಿ ತೆರೆದರು. ಅವರು ಸುಳ್ಳು ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು. ಯಜಮಾನರು ಕ್ಷಮಿಸುವವರೋ ಅಲ್ಲವೋ ಎಂದು ಗೊತ್ತಿರಲಿಲ್ಲ. ಅಡ್ಡಬಾಯಿ ಹಾಕಿದೆ.

“ಸಾರ್, ಅದಕ್ಕೂ ಮೊದಲು ಒಂದು ಪ್ರಶ್ನೆ. ಪರದೆ ಮೇಲೆ ಫಾರಿನ್ ಅಂತ ಬಂದು, ಇಂಪೋರ್ಟ್ ಮಾಡ್ಬೇಕಾ ಕ್ಲಿಯರ್ ಮಾಡ್ಬೇಕಾ ಅಂತ ಕೇಳಿದ್ರೆ ನೀವೇನು ಒತ್ತುತ್ತೀರಿ?”

ಅವರು ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ.

“ಅದರಾಗೇನೈತ್ರಿ ಕೇಳಾಕೆ? ಕ್ಲಿಯರ್. ಮಾಲು ಬಂದೈತಲ್ಲ, ಮತ್ಯಾಕ ಇಂಪೋರ್ಟು?”

“ನಾನೂ ಅದ್ನೇ ಒತ್ತಿದ್ದು ಸಾರ್” ಎಂದರು ಮುನಿರಾಜು. “ಡ್ರಾಯಿಂಗೆಲ್ಲ ಒಂಟೋಗಿತ್ತು. ಮೇಡಂ ವಾಪಸ್ ತಂದವ್ರೆ.”

ಈಗ ಶಿವಾನಂದಪ್ಪ ತಲೆ ಎತ್ತಿದರು. ಮುನಿರಾಜು ಅವರ ಮುಖ ನೋಡಿದರು, ಸರ್ವರ್ ನೋಡಿದರು, ನನ್ನನ್ನು ನೋಡಿದರು. ಪಕ್ಕದ ಪ್ರೆಸ್ಸು ಧಡ್ ಧಡ್ ಎನ್ನುತ್ತಿತ್ತು.

“ಮುನಿರಾಜು, ನೀವು ಮುಂದಿನ ವರ್ಷನೂ ಬರ್ರಿ” ಎಂದರು ಕಡೆಗೆ. “ಆದ್ರ ಈ ರೂಮಿನ ಕೀಲಿ ಮೇಡಂ ಕೈಗೆ ಕೊಡ್ರಿ. ಇನ್ನೊಂದು ಕೀಲಿ ನನ್ನ ಹತ್ರ ಐತಿ, ಅದನ್ನೂ ಅವರಿಗೇ ಕೊಟ್ಟುಬಿಡ್ತೀನಿ.”

ಆ ಕಾರ್ಖಾನೆಯಲ್ಲಿ ಮಾಲು ಕೊಳ್ಳುವವರು ಒತ್ತಿದ್ದೂ ಅದನ್ನೇ, ಕೊಳ್ಳಲು ಸಹಿ ಹಾಕುವವರು ಒತ್ತುತ್ತಿದ್ದದ್ದೂ ಅದನ್ನೇ. ಇಬ್ಬರಿಗೂ ಇಂಗ್ಲಿಷ್ ಬರುವುದಿಲ್ಲ ಎನ್ನುವ ಹಾಗಿಲ್ಲ. ಅವರ ವ್ಯಾಪಾರದ ಇಂಗ್ಲಿಷ್ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಪೀಣ್ಯದಲ್ಲಿ ಕೂತು ಕೆಲಸ ಮಾಡುವ ಆ ಯಂತ್ರ ‘ಅಳಿಸಿಹಾಕಲೇ?’ ಎಂದು ಕನ್ನಡದಲ್ಲಿ ಕೇಳಿದ್ದರೆ ಇವರಿಬ್ಬರಲ್ಲಿ ಯಾರು ತಾನೇ ಹೂಂ ಎನ್ನುತ್ತಿದ್ದರು?